ಸರಿದು ಜಾಗ ಕೊಟ್ಟವರು

ಚರ್ಚಿನ ಬೀಗದ ಕೈಗಳೆಲ್ಲ ಕೀಲಿಯಮ್ಮನ ಸೊಂಟದಲ್ಲಿದ್ದವು. ಅವಳ ಬಾಯಿಗೆ ಮಾತ್ರ ಬೀಗವಿರಲಿಲ್ಲ. ಹೀಗೆಂದು ಮೊದಲು ಹೇಳಿದವನು ಅವಳ ಮಾವನೇ. ಹೇಳಿ, ಹೊಟ್ಟೆ ತುಂಬ ನಕ್ಕು, ಕೀಲಿಗೊಂಚಲನ್ನು ಹೊಸ ಸೊಸೆಯ ಕೈಗೆ ಹಾಕಿದ್ದ. ಹೆಸರು ಅಂದಿನಿಂದ ಅಂಟಿಕೊಂಡಿತು. ಬೆಂಚು ಒರೆಸುವುದು, ಮೇಣದ ಕಲೆ ಕೆರೆಯುವುದು, ಹೂದಾನಿಗಳ ನೀರು ಬದಲಿಸುವುದು ಅವಳ ಕೆಲಸ. ಭಾನುವಾರ ಮಧ್ಯಾಹ್ನ ಹಳೆಯ ಚರ್ಚು ನೋಡಲು ಬರುವ ಪರವೂರಿನವರಿಗೆ ಅದರ ಕಥೆ ಹೇಳುವ ಕೆಲಸವನ್ನು ಯಾರೂ ಅವಳಿಗೆ ಕೊಟ್ಟಿರಲಿಲ್ಲ. ಅದನ್ನು ಅವಳಾಗಿಯೇ ತೆಗೆದುಕೊಂಡಿದ್ದಳು.

"ಗೋಪುರ ಗಿಡ್ಡ ಅನ್ನಿಸ್ತಲ್ವಾ? ಮೊದಲು ಇದರ ಎರಡರಷ್ಟಿತ್ತು. ಒಂದು ಗಾಳಿಗೆ ಬಿತ್ತು ನೋಡಿ. ಮತ್ತೆ ಕಟ್ಟೋ ಹೊತ್ತಿಗೆ ಜನಕ್ಕೆ ಬುದ್ಧಿ ಬಂದಿತ್ತು," ಎಂದು ಶುರುಮಾಡುತ್ತಿದ್ದಳು. ಆಮೇಲೆ ಅವರನ್ನೆಲ್ಲ ಹಿಂದಿನ ಸಮಾಧಿ ಅಂಗಳಕ್ಕೆ ಕರೆದೊಯ್ಯುತ್ತಿದ್ದಳು. "ಇವರು ಉಪ್ಪಿನ ಸಾಹುಕಾರರು. ಒಬ್ಬರಾದ ಮೇಲೆ ಒಬ್ಬರಂತೆ ಮೂವರು ಹೆಂಡ್ತಿಯರು. ನಾಲ್ಕೂ ಜನ ಒಂದೇ ಗುಂಡೀಲಿದ್ದಾರೆ. ಇವತ್ತಿನವರೆಗೂ ಜಗಳದ ಸದ್ದಿಲ್ಲ! ಈ ಕಡೆ ಬನ್ನಿ. ಈ ಗೋಡೆ ಹಿಂದೆ ಅಲ್ಲಿತ್ತು. ಜನ ಹೆಚ್ಚಾದರು, ಚರ್ಚು ಸಾಲಲಿಲ್ಲ. ಗೋಡೆ ಮುಂದಕ್ಕೆ ತರೋಣ ಅಂದ್ರೆ ಎರಡು ಸಾಲು ಸಮಾಧಿ ಅಡ್ಡ. ಏನು ಮಾಡೋದು? ಸತ್ತವರೇ ಸರಿದು ಜಾಗ ಕೊಟ್ಟರು. ನಮ್ಮ ಅಂಗಳದ ಸತ್ತವರು ಮರ್ಯಾದಸ್ಥರು ಸ್ವಾಮಿ, ಬಸ್ಸಿನಲ್ಲಿ ಬದುಕಿರೋರೂ ಇಷ್ಟು ಸರಿಯಲ್ಲ."

ಬಂದವರು ನಗುತ್ತಿದ್ದರು. ಅಂಗಳದ ಮೂಲೆಯಲ್ಲಿ ಗುದ್ದಲಿ ಹಿಡಿದು ನಿಂತ ಗಂಡ ಮಾತ್ರ ನಗುತ್ತಿರಲಿಲ್ಲ, ಏಕೆಂದರೆ ಆ ಮಾತನ್ನು ಅವನು ಮದುವೆಯಾದಾಗಿನಿಂದ ಕೇಳಿದ್ದ. ಅವನ ಮನೆತನಕ್ಕೆ ಗುಂಡಿ ತೋಡುವುದೇ ಕಸುಬು. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಇದೇ ಅಂಗಳದಲ್ಲಿ ಬೆವರು ಸುರಿಸಿದವರು. ಮನೆಯೂ ಅಂಗಳದ ಗೋಡೆಗೆ ಅಂಟಿಕೊಂಡೇ ಇತ್ತು. ಅಡುಗೆಮನೆಯ ಬಾಗಿಲು ತೆಗೆದರೆ ಮೊದಲು ಕಾಣುವುದು ಸಮಾಧಿ ಕಲ್ಲುಗಳು, ಅವುಗಳ ನಡುವೆ ಕಟ್ಟಿದ ಬಟ್ಟೆ ಒಣಹಾಕುವ ಹಗ್ಗ.

ಆ ಅಡುಗೆಮನೆಯನ್ನು ಇಬ್ಬರು ಮುದುಕಿಯರು ಆಳುತ್ತಿದ್ದರು. ಒಬ್ಬಳು ಅತ್ತೆ, ತೀರಿಹೋದ ಮಾವನ ಹೆಂಡತಿ. ಇನ್ನೊಬ್ಬಳು ದೊಡ್ಡತ್ತೆ, ಮಾವನ ಅಕ್ಕ. ದೊಡ್ಡತ್ತೆ ಮದುವೆಯಾಗಿರಲಿಲ್ಲ. ತಾಯಿ ಸತ್ತಾಗ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಅವನ ಮದುವೆಯಾದ ಮೇಲೂ ಅದೇ ಮನೆಯಲ್ಲಿ ಉಳಿದಳು. ಒಬ್ಬಳು ತರಕಾರಿ ಹೆಚ್ಚಿದರೆ ಇನ್ನೊಬ್ಬಳು ಬೇಯಿಸುವುದು, ಒಬ್ಬಳು ಒಗೆದರೆ ಇನ್ನೊಬ್ಬಳು ಹಿಂಡುವುದು. ಬೆಳಗಿನಿಂದ ಸಂಜೆಯವರೆಗೆ ಇಬ್ಬರದೂ ಒಂದೇ ವಟವಟ. ಅದು ಜಗಳವೋ ಮಾತುಕತೆಯೋ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ.

ಚರ್ಚಿನ ಇನ್ನೂರನೆಯ ವರ್ಷ ಹತ್ತಿರ ಬಂದಿತ್ತು. ಹೊಸದಾಗಿ ಬಂದ ಪಾದ್ರಿಗಳು ಅದರ ಚರಿತ್ರೆ ಬರೆಯಲು ಕೂತರು. ಅಂಗಳ ಬಾಯಿಯವರೆಗೆ ತುಂಬಿತ್ತು. ಹೊಸ ಸಮಾಧಿಗಳಿಗೆ ಹೆದ್ದಾರಿಯ ಪಕ್ಕದಲ್ಲಿ ಬೇರೆ ಜಾಗವಾಗಿತ್ತು. ಹಳೆಯ ಮನೆತನದವರು ಮಾತ್ರ ತಮ್ಮ ತಮ್ಮ ಗುಂಡಿಯಲ್ಲೇ, ಒಬ್ಬರ ಮೇಲೊಬ್ಬರು ಮಲಗಬಹುದಿತ್ತು. ಯಾವ ಗುಂಡಿಯಲ್ಲಿ ಇನ್ನೆಷ್ಟು ಮಂದಿಗೆ ಜಾಗವಿದೆ ಎಂದು ನೋಡಿ ಹೇಳಿ ಎಂದು ಪಾದ್ರಿಗಳು ಗಂಡಹೆಂಡಿರಿಗೆ ಹೇಳಿದರು.

ಕೆಲಸವೇನೂ ಕಷ್ಟದ್ದಲ್ಲ. ಉದ್ದನೆಯ ಕಬ್ಬಿಣದ ಸಲಾಕೆಯನ್ನು ಮಣ್ಣಿಗೆ ಇಳಿಸುವುದು, ಶವಪೆಟ್ಟಿಗೆಯ ಮುಚ್ಚಳ ತಗುಲಿದ ಕೂಡಲೇ ನಿಲ್ಲಿಸುವುದು. ಗಂಡನ ಮನೆತನದ ಅಳತೆಯೂ ಅವಳಿಗೆ ಬಾಯಿಪಾಠ. ತೋಡುವವನ ತಲೆ ಮುಳುಗಿದರೆ ಆ ಗುಂಡಿ ಇಬ್ಬರಿಗೆ. ನಿಂತು ಕೈ ಎತ್ತಿದರೂ ಬೆರಳ ತುದಿ ಹೊರಗೆ ಕಾಣದಿದ್ದರೆ ಮೂವರಿಗೆ. ಇಬ್ಬರೂ ಸಾಲು ಸಾಲಾಗಿ ನೋಡುತ್ತ ಮಾವನ ಗುಂಡಿಗೆ ಬಂದರು.

"ನಮ್ಮದೇನು ನೋಡೋದು? ನಾನೇ ತೋಡಿದ್ದಲ್ವಾ. ಮುಂದೆ ನಡಿ," ಎಂದ ಗಂಡ.

"ಎಲ್ಲರದ್ದೂ ನೋಡಿ ನಮ್ಮದನ್ನ ಬಿಟ್ರೆ ಹೇಗೆ?" ಎಂದು ಅವಳು ಸಲಾಕೆಯನ್ನು ಇಳಿಸಿಯೇಬಿಟ್ಟಳು. ಅದು ಅರ್ಧ ದಾರಿಯಲ್ಲೇ ಟಪ್ಪೆಂದು ನಿಂತಿತು. ತೆಗೆದು ಪಕ್ಕದಲ್ಲಿ ಚುಚ್ಚಿದಳು. ಅಲ್ಲೂ ಅಷ್ಟೇ.

"ಇದೇನ್ರೀ, ಕಲ್ಲಾ?"

"ಕಲ್ಲಲ್ಲ. ಅಪ್ಪನ ಪೆಟ್ಟಿಗೆ."

"ಇಷ್ಟು ಮೇಲಕ್ಕೆ?"

ಗಂಡ ಟೋಪಿ ತೆಗೆದು ತಲೆ ಕೆರೆದುಕೊಂಡ. "ಊರವರಿಗೆಲ್ಲ ಕೈ ಮುಳುಗೋ ಹಾಗೆ ತೋಡಿದ್ದೀನಿ. ಅಪ್ಪನಿಗೆ ಕೈ ಬರಲಿಲ್ಲ ಕಣೇ. ತಲೆ ಮುಳುಗಿದ್ದೇ ತಡ, ಗುಂಡಿ ಒಳಗೇ ಕೂತು ಅತ್ತುಬಿಟ್ಟೆ. ಹೊರಗೆ ಗಂಟೆ ಹೊಡೀತಿತ್ತು, ಜನ ಬಂದಿದ್ದರು. ಹಾಗೇ ಹತ್ತಿ ಬಂದೆ."

ಅವಳು ಟೋಪಿಯನ್ನು ಅವನ ಕೈಯಿಂದ ತೆಗೆದುಕೊಂಡು ಮತ್ತೆ ಅವನ ತಲೆಗಿಟ್ಟಳು. ಆದರೆ ಲೆಕ್ಕ ಲೆಕ್ಕವೇ. ಮಾವನ ಮೇಲೆ ಇನ್ನು ಒಬ್ಬರಿಗೆ ಮಾತ್ರ ಜಾಗ, ಮನೆಯಲ್ಲಿರುವ ಮುದುಕಿಯರು ಇಬ್ಬರು. ಇಬ್ಬರೂ ಅಲ್ಲೇ ಮಲಗುವುದೆಂದು ಇಷ್ಟು ವರ್ಷ ನಿಶ್ಚಿಂತೆಯಿಂದಿದ್ದರು.

ಅಮ್ಮನಿಗೆ ಹೇಳಬೇಡ ಎಂದು ಗಂಡ ಕೈಮುಗಿದ. ಕೀಲಿಯಮ್ಮ ಮಧ್ಯಾಹ್ನದ ಊಟದವರೆಗೆ ತಡೆದುಕೊಂಡಳು, ಅದೇ ದೊಡ್ಡದು. ಆಲೂಗಡ್ಡೆ ಬಡಿಸುತ್ತ ಇದ್ದುದನ್ನು ಇದ್ದಹಾಗೆ ಹೇಳಿಬಿಟ್ಟಳು.

ಮೊದಲು ಬಾಯಿ ತೆರೆದವಳು ಅತ್ತೆ. "ಸರಿ ಬಿಡು. ಅದರಲ್ಲೇನಿದೆ? ಗಂಡನ ಗುಂಡಿ ಹೆಂಡತಿಗೆ."

"ಯಾಕೆ?" ಎಂದಳು ದೊಡ್ಡತ್ತೆ. "ನೀನು ಬರೋಕೆ ಮುಂಚೆ ಅವನು ಯಾರ ತಮ್ಮ?"

"ಆಗ ತಮ್ಮ. ಆಮೇಲೆ ಗಂಡ. ಕೊನೆಗೆ ಏನಾಗಿದ್ದರೋ ಅದೇ ಲೆಕ್ಕ."

"ಅವನ ಮೂಗು ಒರೆಸಿದ್ದು ನಾನು. ಅಕ್ಷರ ಕಲಿಸಿದ್ದು ನಾನು. ನೀನು ಬಂದಾಗ ರೆಡಿಯಾದ ಗಂಡಸು ಸಿಕ್ಕಿದ ನಿನಗೆ."

"ರೆಡಿಯಾದ? ಅಯ್ಯೋ ಅತ್ತಿಗೆ, ಅಂಗಿ ಗುಂಡಿ ಹಾಕಿಕೊಳ್ಳೋಕೂ ಬರ್ತಿರಲಿಲ್ಲ ಆ ರೆಡಿಯಾದ ಗಂಡಸಿಗೆ!"

ಬೇಕರಿಯಲ್ಲಿ ಕೆಲಸಕ್ಕಿದ್ದ ಮೊಮ್ಮಗಳು ಕಿಸಕ್ಕನೆ ನಕ್ಕಳು. "ಉಪ್ಪಿನ ಸಾಹುಕಾರನ ಹೆಂಡ್ತಿಯರೇ ವಾಸಿ ಅಜ್ಜಿ. ಸತ್ತ ಮೇಲೂ ಜಗಳ ಇಲ್ಲ. ನಿಮ್ಮದು ಸಾಯೋಕೆ ಮುಂಚೇನೇ!"

"ನೀನು ಬ್ರೆಡ್ಡು ತಿನ್ನು," ಎಂದು ಇಬ್ಬರೂ ಒಟ್ಟಿಗೆ ಗದರಿದರು. ಆ ವಾರ ಇಬ್ಬರೂ ಒಟ್ಟಿಗೆ ಆಡಿದ ಮಾತು ಅದೊಂದೇ.

"ಒಂದು ಮಾತು ಹೇಳ್ತೀನಿ ಕೇಳಿ," ಎಂದು ಕೀಲಿಯಮ್ಮ ನಡುವೆ ಬಾಯಿ ಹಾಕಿದಳು.

"ನೀನು ಸುಮ್ಮನಿರು," ಎಂದಳು ಅತ್ತೆ. "ಇದು ನಮ್ಮ ಮನೆ ವಿಷಯ."

ಅತ್ತೆ ಸಿಟ್ಟಿನಲ್ಲಿ ಆಡಿದ ಮಾತು ಅದು. ಆದರೂ ಕೀಲಿಯಮ್ಮನಿಗೆ ಚೆನ್ನಾಗಿಯೇ ನಾಟಿತು. ಇಷ್ಟು ವರ್ಷ ಈ ಮನೆಯ ನೆಲ ಒರೆಸಿ, ಈ ಮನೆಗೆ ಮಗಳನ್ನು ಹೆತ್ತು, ಇನ್ನೂ ಇದು ನಿಮ್ಮ ಮನೆಯೇ? ಅವಳು ತಟ್ಟೆಗಳನ್ನು ಬೇಕೆಂದೇ ಜೋರಾಗಿ ಸದ್ದು ಮಾಡುತ್ತ ತೊಳೆದಳು.

ಮರುದಿನದಿಂದ ಅಡುಗೆಮನೆ ಎರಡು ಪಾಲಾಯಿತು. ದೊಡ್ಡತ್ತೆ ಬೆಳಿಗ್ಗೆ ಬೇಗ ಎದ್ದು ತನಗೊಬ್ಬಳಿಗೇ ಮೊಟ್ಟೆ ಬೇಯಿಸಿಕೊಂಡಳು. ಅತ್ತೆ ತಾನೇ ಒಲೆಯ ಮುಂದೆ ನಿಂತಳು. ಹೆಚ್ಚುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಬೇಯಿಸುವುದು ಮಾತ್ರ ಕೈಗೆ ಹತ್ತಿರಲಿಲ್ಲ. ಈರುಳ್ಳಿ ಸೀದು ಹೊಗೆ ಅಂಗಳದವರೆಗೆ ಹೋಯಿತು. ದೊಡ್ಡತ್ತೆ ತನ್ನ ಪಾಲಿನ ಬಟ್ಟೆ ತಾನೇ ಒಗೆದು, ಹಿಂಡಲು ಕೈಯಲ್ಲಿ ಬಲವಿಲ್ಲದೆ ನೀರು ಸೋರುವ ಹಾಗೆಯೇ ಹಗ್ಗಕ್ಕೆ ಹಾಕಿದಳು.

"ಅವಳಿಗೆ ಹೇಳು, ಉಪ್ಪಿನ ಡಬ್ಬಿ ಈ ಕಡೆ ಕೊಡೋಕೆ," ಎನ್ನುತ್ತಿದ್ದಳು ಅತ್ತೆ ಮೊಮ್ಮಗಳಿಗೆ. ತಾನು ಕೂತಿದ್ದು ದೊಡ್ಡತ್ತೆಯ ಪಕ್ಕದಲ್ಲೇ.

"ಅವಳಿಗೆ ಹೇಳು, ಸೀದ ಅಡುಗೆಗೆ ಉಪ್ಪು ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ ಅಂತ," ಎನ್ನುತ್ತಿದ್ದಳು ದೊಡ್ಡತ್ತೆ.

ಎರಡನೆಯ ವಾರ ಜಗಳ ನಗೆಯ ಗೆರೆ ದಾಟಿತು. ದೊಡ್ಡತ್ತೆ ಪಕ್ಕದ ಊರಿನ ಸಿಸ್ಟರುಗಳು ನಡೆಸುವ ವೃದ್ಧಾಶ್ರಮಕ್ಕೆ ಯಾರ ಕೈಯಲ್ಲೋ ಹೇಳಿ ಕಳಿಸಿ, ತಿಂಗಳ ಕೊನೆಗೆ ಬರುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದಳು. ಕೀಲಿಯಮ್ಮ ಕೋಣೆ ಗುಡಿಸಲು ಹೋದಾಗ ಮಂಚದ ಮೇಲೆ ಚೀಲ ಬಾಯಿ ತೆರೆದು ಕೂತಿತ್ತು. ಒಳಗೆ ಮಡಿಸಿಟ್ಟ ಸ್ವೆಟರು, ಚಪ್ಪಲಿ, ತಮ್ಮನ ಫೋಟೋ.

"ಇದೇನು ದೊಡ್ಡತ್ತೆ?"

"ಜಾಗ ಇಲ್ಲದ ಮನೇಲಿ ಎಷ್ಟು ದಿನ ಕೂರೋದು? ಅವಳು ಹೇಳಿದ್ದು ಸರಿಯೇ. ಹೆಂಡತಿ ಹೆಂಡತಿಯೇ. ನಾನು ಹೆದ್ದಾರಿ ಪಕ್ಕ ಮಲಗ್ತೀನಿ. ಲಾರಿ ಸದ್ದು ಕೇಳ್ಕೊಂಡು."

ಅಷ್ಟು ಹೇಳಿ ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿದಳು. ಕೀಲಿಯಮ್ಮ ಅವಳ ಕೈಯನ್ನೇ ನೋಡಿದಳು. ಬಾಣಂತಿಯಾಗಿದ್ದಾಗ ಜ್ವರ ಬಂದು ಮಲಗಿದ್ದ ತನ್ನನ್ನು ಎತ್ತಿ ಕೂರಿಸಿ, ಬಾಯಿಗೆ ಗುಟುಕು ಗುಟುಕಾಗಿ ಗಂಜಿ ಹಾಕಿದ ಕೈ ಇದು. ಇವಳು ಹೋದರೆ ಈ ಮನೆಯಲ್ಲಿ ತಾಯಿ ಅನ್ನುವವರು ತನಗೆ ಯಾರು? ಇವಳನ್ನು ಹೋಗಲು ಬಿಡುವುದಿಲ್ಲ ಎಂದು ಅವಳು ಅಲ್ಲೇ, ಕಸಬರಿಕೆ ಹಿಡಿದುಕೊಂಡೇ ನಿಶ್ಚಯಿಸಿದಳು.

ನಿಶ್ಚಯ ಮಾಡಿದ ಮೇಲೆ ದಾರಿ ಹುಡುಕಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಂಡ ಅಂಗಳದಲ್ಲಿ ಕಳೆ ಕೀಳುತ್ತಿದ್ದ.

"ರೀ, ಮಾವನ್ನ ಮೇಲಕ್ಕೆ ಎತ್ತೋಣ. ಗುಂಡಿ ಆಳ ಮಾಡಿ ಮತ್ತೆ ಇಡೋಣ."

ಗಂಡನ ಕೈಯಿಂದ ಕಳೆಗುದ್ದಲಿ ಜಾರಿತು. "ತಲೆ ಕೆಟ್ಟಿದೆಯಾ ನಿನಗೆ?"

"ಯಾಕೆ, ಎರಡು ಸಾಲು ಜನರನ್ನ ಎತ್ತಲಿಲ್ವಾ ಗೋಡೆ ಸರಿಸೋವಾಗ? ಎತ್ತಿದ್ದು ನಿಮ್ಮ ಮುತ್ತಜ್ಜಾನೇ ಅಲ್ವಾ?"

"ಅದು ಬೇರೆ. ಇದು ಅಪ್ಪ. ನನ್ನಿಂದಾಗಲ್ಲ. ಗುಂಡಿಗಿಳಿದ ಕೂಡಲೇ ಮತ್ತೆ ಅಳು ಬರುತ್ತೆ."

"ಬರಲಿ! ಅಳಬೇಡಿ ಅಂದೋರು ಯಾರು? ಹೋದ ಸಲ ಅಳು ಬಂತು ಅಂತ ಗುದ್ದಲಿ ಕೆಳಗಿಟ್ರಿ. ಈ ಸಲ ಅಳ್ತಾ ಅಳ್ತಾನೇ ತೋಡಿ. ಎರಡೂ ಒಟ್ಟಿಗೆ ನಡೀಲಿ. ನಾನಿರ್ತೀನಿ ಮೇಲೆ."

ಅವನು ಕಳೆಗುದ್ದಲಿ ಎತ್ತಿಕೊಂಡು ಅದರ ಮಣ್ಣು ಕೊಡವಿದ. ಆಮೇಲೆ, "ಅಮ್ಮ ಒಪ್ಪಬೇಕಲ್ಲ," ಎಂದ. ಇಷ್ಟು ಹೇಳಿದನೆಂದರೆ ಅರ್ಧ ಗೆದ್ದಂತೆ ಎಂದು ಅವಳಿಗೆ ಗೊತ್ತಿತ್ತು.

ಪಾದ್ರಿಗಳು ಒಪ್ಪುವುದು ಕಷ್ಟವಾಗಲಿಲ್ಲ. ಚರ್ಚಿನ ಚರಿತ್ರೆಯಲ್ಲಿ ಆ ಗೋಡೆಯ ಅಧ್ಯಾಯವನ್ನು ಅವರು ಆಗ ತಾನೇ ಮುಗಿಸಿದ್ದರು. "ಚರ್ಚಿಗೋಸ್ಕರ ಅಷ್ಟು ಜನ ಸರಿದಿದ್ದಾರೆ. ಮನೆಗೋಸ್ಕರ ಒಬ್ಬರು ಸರಿದರೆ ತಪ್ಪೇನಮ್ಮಾ?" ಎಂದು, ಮೇಲಿನವರ ಅಪ್ಪಣೆಯನ್ನೂ ಊರಿನ ಕಚೇರಿಯ ಅಪ್ಪಣೆಯನ್ನೂ ತಾವೇ ಓಡಾಡಿ ತಂದುಕೊಟ್ಟರು. "ಆದರೆ ಅವರ ಹೆಂಡತಿ ಬೇಡ ಅಂದರೆ ನಾನು ಒಂದು ಹಿಡಿ ಮಣ್ಣನ್ನೂ ಮುಟ್ಟಿಸಲ್ಲ."

ಹೆಂಡತಿ ಬೇಡ ಎಂದೇ ಅಂದಳು. "ನೆಮ್ಮದಿಯಾಗಿ ಮಲಗಿರೋ ಮನುಷ್ಯನನ್ನ ಎಬ್ಬಿಸ್ತೀಯಾ? ಬದುಕಿದ್ದಾಗಲೂ ನಿದ್ದೆಯಿಂದ ಎಬ್ಬಿಸಿದರೆ ಸಿಡುಕುತ್ತಿದ್ದರು ಅವರು. ಬೀಳದ ಗೋಡೆ ಬೀಳಿಸಬೇಡ. ಮಾತು ಮುಗೀತು."

ಕೀಲಿಯಮ್ಮ ವಾದಿಸಲಿಲ್ಲ. ಅವಳು ವಾದಿಸದೆ ಬಿಟ್ಟಿದ್ದು ನೋಡಿ ಮನೆಯವರೆಲ್ಲ ಹೆದರಿದರು. ಭಾನುವಾರ ಊಟವಾದ ಮೇಲೆ, "ಅತ್ತೆ, ಇಷ್ಟು ವರ್ಷದಲ್ಲಿ ಒಂದು ಸಲವೂ ನನ್ನ ಕಥೆ ಕೇಳೋಕೆ ಬಂದಿಲ್ಲ ನೀವು. ಇವತ್ತು ಬನ್ನಿ," ಎಂದಳಷ್ಟೆ.

"ನಿನ್ನ ಮಾತು ಮನೇಲಿ ಕೇಳೋದೇ ಸಾಕಾಗಿದೆ," ಎಂದು ಗೊಣಗುತ್ತಲೇ ಅತ್ತೆ ಶಾಲು ಹೊದ್ದು ಹೊರಟಳು.

ಗೋಪುರದ ಹತ್ತಿರ ಆಕಳಿಸಿದಳು. ಉಪ್ಪಿನ ಸಾಹುಕಾರನ ಹತ್ತಿರ ಮೂಗು ಮುರಿದಳು. ಗೋಡೆಯ ಬಳಿ ಕೀಲಿಯಮ್ಮ ಎಂದಿನ ತಮಾಷೆ ಹೇಳಲಿಲ್ಲ. "ಎತ್ತಿದ ಪೆಟ್ಟಿಗೆಗಳನ್ನ ಬಿಸಿಲಲ್ಲಿ ಬಿಡಲಿಲ್ಲ. ಚರ್ಚಿನ ಒಳಗೆ ತಂದು, ಬಿಳಿ ಬಟ್ಟೆ ಹೊದಿಸಿ ಇಟ್ಟರು. ಮನೆಯವರೆಲ್ಲ ಪಕ್ಕದಲ್ಲೇ ಕೂತರು. ಮತ್ತೊಮ್ಮೆ ಹತ್ತಿರ ಕೂರೋಕೆ ಸಿಕ್ಕಿತಲ್ಲ ಅಂತ ಕೆಲವರು ತಿಂಡಿಯನ್ನೂ ಅಲ್ಲೇ ಮಾಡಿದರಂತೆ," ಎಂದಳು.

ಹಿಂದಿನ ಸಾಲಿನಿಂದ ಅತ್ತೆಯ ದನಿ ಬಂತು. "ಪಕ್ಕದಲ್ಲೇ ಕೂರಬಹುದಿತ್ತಾ?"

"ಎಷ್ಟು ಹೊತ್ತು ಬೇಕಾದರೂ."

ಸಂಜೆ ಸೊಸೆ ಬೀಗ ಹಾಕಿ ಬರುವ ಹೊತ್ತಿಗೆ ಅತ್ತೆ ಟ್ರಂಕಿನಿಂದ ದೊಡ್ಡ ಬಿಳಿ ಚಾದರವೊಂದನ್ನು ತೆಗೆದು ನೆನೆಹಾಕಿ ಕೂತಿದ್ದಳು. "ಇದನ್ನ ನಾನೇ ಒಗೀತೀನಿ," ಎಂದಳು. ಆಮೇಲೆ ಗೋಡೆಗೆ ಹೇಳುವವಳಂತೆ, "ಹಿಂಡೋಕೆ ಮಾತ್ರ ಒಬ್ಬಳ ಕೈಲಾಗಲ್ಲ," ಎಂದಳು.

ಒಳಕೋಣೆಯಲ್ಲಿ ಮಂಚ ಕಿರ್‍ರೆಂದಿತು. ದೊಡ್ಡತ್ತೆ ಬಂದು ಚಾದರದ ಇನ್ನೊಂದು ತುದಿ ಹಿಡಿದಳು. ಆದರೂ ಚೀಲ ಮಂಚದಿಂದ ಇಳಿಯಲಿಲ್ಲ. ತೋಡಿದ ಮೇಲೆ ನೋಡೋಣ ಎಂಬ ಹಟ ಅವಳದು.

ಶನಿವಾರ ಬೆಳಗಾಗುತ್ತಲೇ ಕೆಲಸ ಶುರುವಾಯಿತು. ಗಂಟೆ ಹೊಡೆಯುವವನು ತನ್ನ ತಮ್ಮಂದಿರನ್ನು ಕರೆತಂದಿದ್ದ. ಪಾದ್ರಿಗಳು ಪ್ರಾರ್ಥನೆ ಹೇಳಿದರು. ಮೇಲಿನ ಮಣ್ಣು ತೆಗೆದು, ಹಗ್ಗ ಹಾಕಿ, ಎಲ್ಲರೂ ಉಸಿರು ಬಿಗಿಹಿಡಿದು ಎತ್ತಿದರು. ಗಟ್ಟಿ ಮರದ ಪೆಟ್ಟಿಗೆ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಅದನ್ನು ಚರ್ಚಿನೊಳಗೆ ಬೆಂಚುಗಳ ನಡುವೆ ಇಟ್ಟು ಚಾದರ ಹೊದಿಸಿದರು. ಅತ್ತೆ ಒಂದು ಕಡೆ ಕೂತಳು, ದೊಡ್ಡತ್ತೆ ಇನ್ನೊಂದು ಕಡೆ.

ಗಂಡ ಏಣಿ ಇಳಿಸಿ ಗುಂಡಿಗೆ ಇಳಿದ. ಗುದ್ದಲಿಯ ಮೊದಲ ಏಟಿಗೇ ಅವನ ಭುಜ ಅಲುಗಿತು. ಅಳುತ್ತಿದ್ದಾನೆಂದು ಮೇಲಿನಿಂದಲೇ ತಿಳಿಯಿತು. ಗಂಟೆಯವನು, "ನಾನು ಇಳೀಲಾ?" ಎಂದು ಕೇಳಿದ.

"ಬೇಡ," ಎಂದಳು ಕೀಲಿಯಮ್ಮ. "ಅವರು ತೋಡ್ತಾರೆ."

ತೋಡಿದ. ಅಂಗಿಯ ತೋಳಿನಿಂದ ಮೂಗು ಒರೆಸಿಕೊಳ್ಳುತ್ತ, ಬಿಕ್ಕುತ್ತ, ತೋಡಿದ. ಅವಳು ಮಣ್ಣಿನ ಬುಟ್ಟಿಯನ್ನು ಹಗ್ಗದಿಂದ ಎಳೆಯುತ್ತ, ಸುರಿಯುತ್ತ, ಮತ್ತೆ ಇಳಿಸುತ್ತ ನಿಂತಳು. ಬಿಸಿಲೇರುವ ಹೊತ್ತಿಗೆ ಬಿಕ್ಕುವುದು ನಿಂತು ಬರೀ ಗುದ್ದಲಿಯ ಸದ್ದು ಉಳಿಯಿತು. ಒಂದು ಲಯಕ್ಕೆ ಬಿದ್ದ ಆ ಸದ್ದು ಕೇಳಿ ಅವಳಿಗೆ ಎದೆ ಹಗುರಾಯಿತು.

ನಡುವೆ ಒಮ್ಮೆ ನೀರು ಕುಡಿಯಲು ಚರ್ಚಿನೊಳಗೆ ಹೋದಳು. ಪೆಟ್ಟಿಗೆಯ ಎರಡೂ ಬದಿಯಿಂದ ವಟವಟ ಕೇಳುತ್ತಿತ್ತು.

"ಮೊದಲು ಹೋದವರು ಅವನ ಹತ್ತಿರ, ಆಮೇಲೆ ಹೋದವರು ಮೇಲೆ. ಹಾಗಲ್ವಾ ಲೆಕ್ಕ?" ದೊಡ್ಡತ್ತೆ ಕೇಳುತ್ತಿದ್ದಳು.

"ಹೂಂ. ನೀವೇ ದೊಡ್ಡವರು ಅತ್ತಿಗೆ. ಮೊದಲು ನೀವೇ ಹೋಗೋದು. ಅವರ ಹತ್ತಿರದ ಜಾಗ ನಿಮಗೇ. ಆಯ್ತಲ್ಲ?"

"ಹೋಗೇ! ಇವನ ಜೊತೆ ಒಬ್ಬಳೇ ಮಲಗಿ ಏನು ಮಾಡ್ಲಿ? ದಿನಕ್ಕೆರಡು ಮಾತಾಡ್ತಿದ್ದ, ಅದರಲ್ಲಿ ಒಂದು 'ಹೂಂ'. ನಾನು ಹೋದ ಮೇಲೆ ನೀನು ಬಹಳ ತಡ ಮಾಡಬೇಡ. ಬೇಜಾರಾಗುತ್ತೆ ನನಗೆ."

ಅತ್ತೆ ಚಾದರದ ಮಡಿಕೆಯನ್ನು ಸರಿಮಾಡುವ ನೆಪದಲ್ಲಿ ಕೈ ಚಾಚಿ ಅತ್ತಿಗೆಯ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ದೊಡ್ಡತ್ತೆ ಮೊಮ್ಮಗಳನ್ನು ಕೂಗಿ, "ಏ, ನನ್ನ ಮಂಚದ ಮೇಲಿನ ಚೀಲದಲ್ಲಿ ಸ್ವೆಟರ್ ಇದೆ, ತಗೊಂಡು ಬಾ. ನಿನ್ನಜ್ಜಿಗೆ ಇಲ್ಲಿ ಥಂಡಿ ಆಗ್ತಿದೆ. ಉಳಿದಿದ್ದನ್ನ ಕಪಾಟಿಗೆ ಹಾಕಿ ಬಾ," ಎಂದಳು.

ಕೀಲಿಯಮ್ಮ ನೀರು ಕುಡಿಯುವುದನ್ನೂ ಮರೆತು ಹೊರಗೋಡಿದಳು. ಗುಂಡಿಯ ಅಂಚಿನಲ್ಲಿ ಬಗ್ಗಿ, "ರೀ, ಕೈ ಎತ್ತಿ ನೋಡೋಣ," ಎಂದಳು. ಗಂಡ ನಿಂತು ಕೈ ಎತ್ತಿದ. ಬೆರಳ ತುದಿ ನೆಲಕ್ಕಿಂತ ಕೆಳಗೇ ಉಳಿಯಿತು.

"ಆಯ್ತು! ಮೂವರಿಗೂ ಆಯ್ತು. ಹತ್ತಿ ಬನ್ನಿ, ಊಟ ಮಾಡೋರಂತೆ. ದೊಡ್ಡತ್ತೆ ಎಲ್ಲಿಗೂ ಹೋಗಲ್ಲ."

ಗಂಡ ತಲೆಯಾಡಿಸಿದ. ಕೈಗೆ ಉಗುಳಿಕೊಂಡು ಮತ್ತೆ ಗುದ್ದಲಿ ಎತ್ತಿದ.

"ಇನ್ನೂ ಯಾಕ್ರೀ? ಮಾವನಿಗಾಯ್ತು, ಅತ್ತೆಗಾಯ್ತು, ದೊಡ್ಡತ್ತೆಗಾಯ್ತು."

"ನಿನಗೆ?" ಎಂದ ಅವನು, ತಲೆ ಎತ್ತದೆ.

ಕೀಲಿಯಮ್ಮ ಬಾಯಿ ತೆರೆದಳು. ಊರನ್ನೆಲ್ಲ ನಗಿಸುತ್ತಿದ್ದ ಆ ಬಾಯಿಯಿಂದ ಒಂದಕ್ಷರವೂ ಹೊರಡಲಿಲ್ಲ. ಇಷ್ಟು ದಿನ ಅವರಿವರ ಜಾಗಕ್ಕೆ ಓಡಾಡಿದವಳು, ತನ್ನದೊಂದನ್ನು ಒಮ್ಮೆಯೂ ನೆನೆಸಿರಲಿಲ್ಲ. ಬಾಗಿಲಲ್ಲಿ ಬಂದು ನಿಂತಿದ್ದ ಇಬ್ಬರು ಮುದುಕಿಯರಿಗೂ ಆ ಮಾತು ಕೇಳಿಸಿತ್ತು.

"ತೋಡಪ್ಪಾ, ಸರಿಯಾಗಿ ತೋಡು," ಎಂದಳು ಅತ್ತೆ. "ನಮ್ಮ ಮನೆಯವಳು ಅವಳು."

"ಆದರೆ ನನ್ನ ಮೇಲೇ ಹಾಕಬೇಡ ಅವಳನ್ನ," ಎಂದಳು ದೊಡ್ಡತ್ತೆ. "ಕಥೆ ಹೇಳಿ ಹೇಳಿ ನಿದ್ದೆ ಕೆಡಿಸ್ತಾಳೆ."

ಕೀಲಿಯಮ್ಮ ಕಣ್ಣೊರೆಸಿಕೊಂಡು ಗುಂಡಿಗೆ ಬಗ್ಗಿದಳು. "ಮತ್ತೆ ನಿಮಗೆ?"

"ನನಗೆ ಜಾಗ ಮಾಡೋಕೆ ನೀನಿದ್ದೀಯಲ್ಲ," ಎಂದ ಗಂಡ. "ಬುಟ್ಟಿ ಇಳಿಸು."

ಅವಳು ಬುಟ್ಟಿ ಇಳಿಸಿದಳು.